ಎರಡೂ ಒಂದೇ ದನಿ

ಶುಕ್ರವಾರ, ಮಾರ್ಚ್ ೧೪

ಅಕ್ಕಾ,

ಹೇಗಿದ್ದೀ ಅಂತ ಕೇಳುವುದಿಲ್ಲ. ಪೇಪರಿನಲ್ಲಿ ಫೋಟೋ ನೋಡಿದೆ, ಚೆನ್ನಾಗಿದ್ದೀ. ನಾನೂ ಇದ್ದೇನೆ. ಅದೇ ಕನ್ನಡಕದ ಅಂಗಡಿ, ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ "ಈಗ ಸರಿಯಾಗಿ ಕಾಣ್ತಿದೆಯಾ?" ಅಂತ ಕೇಳುವ ಅದೇ ಕೆಲಸ.

ಈಚೆಗೆ ನನಗೊಂದು ಹುಚ್ಚು ಹಿಡಿದಿತ್ತು. ನಮ್ಮ ಹತ್ತಿರ ಇರುವ ಹಾಡುಗಳನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಇಟ್ಟು, ಬೇಕೆಂದಾಗ ಫೋನಿನಲ್ಲೇ ಕೇಳುವ ಸೇವೆಯೊಂದು ಬಂದಿದೆಯಲ್ಲ, ಮೊದಲ ತಿಂಗಳು ಪುಕ್ಕಟೆ. ನಮ್ಮ ಅಂಗಡಿಯಲ್ಲಿ ಗಾಜು ಉಜ್ಜುವ ಅಣ್ಣ ನನ್ನ ಹಳೇ ಕ್ಯಾಸೆಟ್ಟುಗಳನ್ನು ಒಯ್ದು ಕಂಪ್ಯೂಟರಿಗೆ ಇಳಿಸಿಕೊಟ್ಟರು. ನಲವತ್ತು ಹಾಡು. ಒಂದು ಭಾನುವಾರವಿಡೀ ಆ ಕಂಪ್ಯೂಟರಿನ ಮುಂದೆ ಕೂತು ಇಂಟರ್‌ನೆಟ್ಟಿಗೆ ಏರಿಸಿದೆ.

ಹೀಗೆ ಬರೆದರೆ ಹೊತ್ತು ಹೋಗದ ಹೆಂಗಸಿನ ಶೋಕಿ ಅನ್ನಿಸುತ್ತದೆ. ನಿನ್ನ ಹತ್ತಿರ ಮುಚ್ಚುಮರೆ ಯಾಕೆ? ನನಗೆ ಬೇಕಿದ್ದದ್ದು ಒಂದೇ ಹಾಡು.

ಹೋದ ತಿಂಗಳು ರೇಡಿಯೋದಲ್ಲಿ ನಿನ್ನ ಸಂದರ್ಶನ ಬಂತು. ಅಂಗಡಿಯಲ್ಲಿ ಗಿರಾಕಿಯ ಮುಂದೆ ನಿಂತೇ ಕೇಳಿಸಿಕೊಂಡೆ. ನಿನ್ನನ್ನು ಮನೆಮಾತಾಗಿಸಿದ ಆ ದೋಣಿ ಹಾಡಿನ ಬಗ್ಗೆ ಕೇಳಿದರು. ಮೈ ಕೆಂಡದಂತೆ ಸುಡುತ್ತಿತ್ತು, ಆದರೂ ಒಂದೇ ಸಲಕ್ಕೆ ಹಾಡಿ ಮುಗಿಸಿದೆ ಅಂದೆ ನೀನು. ಜ್ವರ ನಿಜ, ಅಕ್ಕ. ಅವತ್ತು ನಿನ್ನ ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ ಅನ್ನುವುದನ್ನು ಮಾತ್ರ ನುಂಗಿಬಿಟ್ಟೆ. ಸ್ಟುಡಿಯೋದ ಮೂಲೆಯಲ್ಲಿ ಶಾಲು ಹೊದ್ದು ಅಳುತ್ತಾ ಕೂತಿದ್ದವಳು ನೀನು. ಮೈಕಿನ ಮುಂದೆ ನಿಂತವಳು ನಾನು. ಒಂದು ಹಾಡು ತಾನೇ, ಅಕ್ಕನ ಬಾಳು ನೆಟ್ಟಗಾಗುತ್ತೆ, ಯಾರಿಗೂ ಹೇಳಬೇಡ ಅಂತ ಅಮ್ಮ ನನ್ನ ಕೈ ಹಿಡಿದುಕೊಂಡಳು. ಹತ್ತೊಂಬತ್ತು ವರ್ಷದವಳು, ಹೂಂ ಅಂದೆ. ಆಮೇಲೆ ಅಮ್ಮನೂ ಹೋದಳು, ಹೇಳುವವರು ಯಾರೂ ಉಳಿಯಲಿಲ್ಲ.

ಆದರೆ ಆ ದಿನದ ಕ್ಯಾಸೆಟ್ಟೊಂದನ್ನು ಸ್ಟುಡಿಯೋದವರು ನನಗೆ ಕೊಟ್ಟಿದ್ದರು. ಹಾಡು ಮುಗಿದ ಮೇಲೂ ಅದು ಓಡುತ್ತಿತ್ತು. "ಗೆದ್ದೆ ಕಣೇ ಚಿಕ್ಕಿ!" ಅಂತ ನನಗೆ ಹೇಳುವ ಅಮ್ಮನ ದನಿ ಅದರಲ್ಲಿತ್ತು. ಅದನ್ನು ಆ ರೇಡಿಯೋದವರಿಗೇ ಕಳಿಸಬೇಕು ಅಂತಿದ್ದೆ. ಹೌದು, ನಿನ್ನ ಮಾನ ಕಳೆಯಬೇಕು ಅಂತಲೇ.

ಹಳೇ ಟೇಪು, ಕಂಪ್ಯೂಟರಿಗೆ ಇಳಿಸಿದ ಮೇಲೆ ಸುತ್ತಿಕೊಂಡು ತುಂಡಾಯಿತು. ಹಾಡೆಲ್ಲ ಏರಿಸಿದ ಮೇಲೆ, ಹೋಗಲಿ, ಇಂಟರ್‌ನೆಟ್ಟಿನಲ್ಲಿ ಭದ್ರವಾಗಿದೆಯಲ್ಲ ಅಂದುಕೊಂಡು ಅಂಗಡಿಯ ಆ ಅಣ್ಣ ಕಂಪ್ಯೂಟರಿನಿಂದಲೂ ಅಳಿಸಿದರು. ಬೇಡ ಅನ್ನಲಿಲ್ಲ ನಾನು. ಏರಿಸುವಾಗ ಹಾಡಿದವರ ಹೆಸರಿನ ಜಾಗದಲ್ಲಿ, ಜೀವನದಲ್ಲಿ ಮೊದಲ ಸಲ, ನನ್ನ ಹೆಸರು ಬರೆದೆ.

ಮಾರನೇ ದಿನ ತೆಗೆದು ನೋಡಿದರೆ ಅಲ್ಲಿ ನಿನ್ನ ಹೆಸರು, ಪಕ್ಕದಲ್ಲಿ ರೇಷ್ಮೆಯುಟ್ಟ ನಿನ್ನ ಫೋಟೋ. ಹಾಡು ಹಾಕಿದೆ. ಕೊನೆಯ ಸಾಲಾಯಿತು, ನಿಂತಿತು. ಅಮ್ಮ ಇಲ್ಲ.

ಸೇವೆಯವರಿಗೆ ಫೋನ್ ಮಾಡಿದೆ. ಒಬ್ಬಳು ಹುಡುಗಿ, ಬಲು ನಯ. ನಾವು ಏರಿಸಿದ ಪ್ರತಿ ಹಾಡನ್ನೂ ಅವರ ಯಂತ್ರ ಕೇಳುತ್ತದಂತೆ. ಅದೇ ಹಾಡು ತಮ್ಮ ಹತ್ತಿರ ಮೊದಲೇ ಇದ್ದರೆ, ನಮ್ಮದನ್ನು ತೆಗೆದು ತಮ್ಮ ಚೊಕ್ಕ ಪ್ರತಿಯನ್ನು ಇಡುತ್ತದಂತೆ. ನನ್ನದು ನನಗೆ ವಾಪಸು ಕೊಡಿ ಅಂದೆ. ಅದು ಈಗ ಎಲ್ಲೂ ಇಲ್ಲ ಅಂದಳು. ಅದು ನನ್ನ ದನಿ, ನಿಮ್ಮ ಯಂತ್ರಕ್ಕೆ ತಪ್ಪಾಗಿದೆ ಅಂತ ಕೂಗಾಡಿದೆ. ಆಗ ಅವಳು ಮಗುವಿಗೆ ತಿಳಿಹೇಳುವ ಹಾಗೆ, "ತಪ್ಪಾಗಿಲ್ಲ ಮೇಡಂ, ಮತ್ತೆ ಪರೀಕ್ಷೆ ಮಾಡಿದೆವು. ಎರಡೂ ಒಂದೇ ದನಿ" ಅಂದಳು.

ನಗು ಬಂತು, ಅಕ್ಕ. ಕೌಂಟರಿನ ಹಿಂದೆ ಕುಕ್ಕರಿಸಿ ಕೂತು, ಗಿರಾಕಿ ಬಗ್ಗಿ ನೋಡುವವರೆಗೂ ನಕ್ಕೆ. ಇಪ್ಪತ್ತಾರು ವರ್ಷಕ್ಕೆ ಒಂದು ಪ್ರಾಣಿಗೆ ನಿಜ ಗೊತ್ತಾಯಿತು. ಅದಕ್ಕೂ ಜೀವವಿಲ್ಲ.

ಅವತ್ತೇ ಆ ಸೇವೆ ನಿಲ್ಲಿಸಿಬಿಟ್ಟೆ. ಇನ್ನು ನನ್ನ ಹತ್ತಿರ ಸಾಕ್ಷಿಯಿಲ್ಲ, ನೀನು ಹೆದರಬೇಕಾಗಿಲ್ಲ. ನೀನು ಕಿತ್ತುಕೊಂಡೆ ಅಂತ ನಾನು ಅನ್ನಲಾರೆ; ಕೊಟ್ಟವಳು ನಾನೇ. ಕೊಟ್ಟವಳು ಇದ್ದಾಳೆ ಅನ್ನುವುದನ್ನೇ ನೀನು ಮರೆತೆಯಲ್ಲ, ಅದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಒಂದೇ ಒಂದು ಸಲ, ನಾವಿಬ್ಬರೇ ಇದ್ದಾಗ, ಚೆನ್ನಾಗಿ ಹಾಡಿದೆ ಕಣೇ ಅಂದಿದ್ದರೆ ನಾನು ಕ್ಯಾಸೆಟ್ಟು ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಭಾವನಿಗೆ ಕೇಳಿದೆ ಅಂತ ಹೇಳು. ಈ ಕಾಗದ ಮಾತ್ರ ತೋರಿಸಬೇಡ.

ಇಂತಿ, ನಿನ್ನ ತಂಗಿ,
ಚಿಕ್ಕಿ

ತಾಜಾ ಕಲಂ: ಸೇವೆ ನಿಲ್ಲಿಸುವ ಮೊದಲು ನನ್ನ ಮಗಳು ಆ ಹಾಡು ಕೇಳಿದಳು. ಎರಡು ಸಲ ಹಾಕಿಸಿಕೊಂಡು, ದೊಡ್ಡಮ್ಮ ಇದರಲ್ಲಿ ಥೇಟ್ ನಿನ್ನ ಹಾಗೇ ಉಸಿರು ಎಳ್ಕೋತಾರಲ್ಲಮ್ಮ ಅಂದಳು. ಅಕ್ಕತಂಗಿಯರಲ್ವಾ, ಒಂದೇ ರಕ್ತ ಅಂದುಬಿಟ್ಟೆ. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಇನ್ನೊಂದು ಸಲ ಅವಳು ನನ್ನನ್ನು ಕೇಳಿದರೆ, ಅಕ್ಕ, ನಾನು ನಿನಗಾಗಿ ಸುಳ್ಳು ಹೇಳುವುದಿಲ್ಲ.