ಭೋಂಗಾ ನಿಲ್ಲಿಸಿದ್ದು

ಫೆಬ್ರವರಿ 10, ಸೋಮವಾರ
ಇವತ್ತೂ ಅದೇ ಹಾಡು. ನಮ್ಮ ದಾಂಡೇಲಿ ಪ್ಲೈವುಡ್ ಮಿಲ್ಲಿನ ಕಟ್ಟಿಗೆ ಲಾರಿಗಳು ಗೋವಾ ದಾರಿಯ ರಾಮನಗರದ ಅರಣ್ಯ ನಾಕಾದಲ್ಲೇ ನಿಂತಿವೆ. ಕಟ್ಟಿಗೆ ಸಾಗಿಸುವ ಪಾಸಿಗೆ ಸಹಿ ಮಾಡುವ ಸಾಹೇಬರಿಗೆ ವರ್ಗ. ಹೊಸಬರು ಬಂದಿಲ್ಲ. ಯಾರನ್ನು ಕೇಳಿದರೂ "ಮ್ಯಾಲಿನವರ್ನ ಕೇಳ್ರಿ". ಮೇಲೆ ಯಾರಿದ್ದಾರೆ? ಫ್ಯಾನು!

ಮುಂಬೈ ಆಫೀಸಿನಿಂದ ಫೋನ್. ಕಟ್ಟಿಗೆ ಬಂದ ದಿನವೇ ಎರಡೂ ಶಿಫ್ಟ್ ತುಂಬಿ ಓಡಬೇಕಂತೆ. ಇಲ್ಲವಾದರೆ ಎರಡನೇ ಶಿಫ್ಟ್ ಕಾಯಂ ಬಂದ್, ಕಾಂಟ್ರ್ಯಾಕ್ಟಿನವರೆಲ್ಲ ಮನೆಗೆ. ನನ್ನನ್ನು ಮ್ಯಾನೇಜರ್ ಮಾಡಿದ್ದು ಇದನ್ನು ಹೇಳಲಿಕ್ಕಾ?

ಫೆಬ್ರವರಿ 11
ಬಾಯ್ಲರ್ ಆರಿಸುವಂತಿಲ್ಲ. ಮತ್ತೆ ಕಾಯಿಸಲು ದಿನಗಟ್ಟಲೆ ಬೇಕು. ಉಳಿದ ತೊಗಟೆ ಹಾಕಿ ಸಣ್ಣಗೆ ಉರಿಸಲು ಬಾಯ್ಲರಿನ ಸುಭಾನಿ ಚಾಚಾಗೆ ಹೇಳಿದೆ. ಉಗಿ ಉಳಿಯಲಿ ಅಂತ, ಉಗಿಯಿಂದಲೇ ಕೂಗಿ ಶಿಫ್ಟಿಗೆ ಕರೆಯುವ ಭೋಂಗಾ ಬಂದ್ ಮಾಡಿಸಿದೆ.
"ಭೋಂಗಾ ಇಲ್ದ ದಾಂಡೇಲಿ ಏಳೂದಿಲ್ಲ, ಬೇಟಿ."
"ಎಲ್ಲಾರ ಕೈಯಾಗೂ ಮೊಬೈಲ್ ಅದಾವ, ಚಾಚಾ" ಅಂದೆ.
ದೊಡ್ಡ ಜಾಣೆ ನಾನು!

ಫೆಬ್ರವರಿ 14, ಶುಕ್ರವಾರ
ಅಲ್ಹಮ್ದುಲಿಲ್ಲಾಹ್! ಹೊಸ ಸಾಹೇಬರು ಬಂದರು, ಪಾಸಿಗೆ ಸಹಿ ಆಯಿತು. ಲಾರಿಗಳು ನಾಳೆ ಬೆಳಿಗ್ಗೆ.

ಕುಣಿಯುವಷ್ಟರಲ್ಲಿ ಕ್ಯಾಂಟೀನಿನ ಮಾಲವ್ವ ಬಂದಳು. ಬಾಗಿಲಲ್ಲೇ ನಿಂತು ಬೈದಳು.
"ಭೋಂಗಾ ನಿಂತ್ರ ಮಿಲ್ ಮುಚ್ಚಿತು ಅಂತ್ಲೇ ಲೆಕ್ಕರೀ ಮೇಡಂ. ನಮ್ಮಪ್ಪ ಇದ್ದ ಮಿಲ್ಲೂ ಹಿಂಗ ಮುಚ್ಚಿತ್ತು, ಯಾರೂ ಒಂದ್ ಮಾತು ಹೇಳ್ಲಿಲ್ಲ. ಮಂದಿ ಗೋವಾಕ್ಕ ಹೊಂಟಾರ, ಸಂಜೀ ಬಸ್ಸಿಗೆ!"
ಆಳು ಕಳಿಸುವ ಕಾಂಟ್ರ್ಯಾಕ್ಟರಿಗೆ ಫೋನ್ ಮಾಡಿದೆ. ಸ್ವಿಚಾಫ್. ನಾಳೆ ಕಟ್ಟಿಗೆ ಬಂದರೆ ಎತ್ತುವವರು ಯಾರು?
"ಬಾಯ್ಲರ್ ಬಿಸಿ ಐತೇನ್ರಿ?" ಅಂದಳು.
"ಐತಿ."
"ಹಂಗಾರ ಊದಸ್ರಿ! ನಾ ಬಸ್ ಸ್ಟ್ಯಾಂಡಿಗೆ ಓಡ್ತೇನಿ."
ಹೊತ್ತಲ್ಲದ ಹೊತ್ತಿನಲ್ಲಿ ಭೋಂಗಾ. ಚಾಚಾ ಅದರ ಹಗ್ಗದಿಂದ ಕೈ ತೆಗೆಯಲೇ ಇಲ್ಲ. ಉಗಿ ಹೋದರೆ ಹೋಗಲಿ...

ಫೆಬ್ರವರಿ 15
ಬಂದರು. ಎಲ್ಲರೂ ಬಂದರು! ಮಾಲವ್ವ ಬಸ್ಸಿನ ಮುಂದೆ ಕುಂತೇಬಿಟ್ಟಿದ್ದಳಂತೆ, ಭೋಂಗಾ ಕೇಳುವ ತನಕ. ಹಾಸಿಗೆ-ಗಂಟು ಹೊತ್ತೇ ಗೇಟಿಗೆ ಬಂದಿದ್ದಾರೆ ಕೆಲವರು. ಎರಡೂ ಶಿಫ್ಟ್ ತುಂಬಿತು. ಒಬ್ಬರೂ ನನ್ನನ್ನು ಬೈಯಲಿಲ್ಲ. "ಚಾ ಕುಡದೀರೇನ್ರಿ ಮೇಡಂ" ಅಂದರು. ಬಾತ್‌ರೂಮಿಗೆ ಹೋಗಿ ಅತ್ತೆ. ಇವರ ಋಣ ಯಾವ ಜನ್ಮಕ್ಕೆ ತೀರೀತು?

ಫೆಬ್ರವರಿ 17, ಬೆಳಿಗ್ಗೆ
ಮುಂಬೈನಿಂದ "ಗುಡ್ ಜಾಬ್". ನನಗಂತೆ! ಇವತ್ತೇ ಫೋನ್ ಮಾಡಿ ಹೇಳುತ್ತೇನೆ. ಶಿಫ್ಟ್ ಉಳಿಸಿದ್ದು ಮಾಲವ್ವ, ಸುಭಾನಿ ಚಾಚಾ. ಇನ್ನು ಯಾರು ಏನೇ ಅನ್ನಲಿ, ಉಗಿ ಎಷ್ಟೇ ತಿನ್ನಲಿ, ಭೋಂಗಾ ಮಾತ್ರ —

ಅಗೋ, ಊದಿತು. ಏಳಬೇಕು. ಗೇಟಿನ ಹತ್ತಿರ ಮಾಲವ್ವ ಚಾ ಹಿಡಿದು ಕಾಯುತ್ತಿದ್ದಾಳೆ.