ಮುದ್ರೆ ಬಿದ್ದ ತೊಡೆ

ಆದೋನಿ, ೬ ಮಾರ್ಚ್ ೧೯೩೮, ಭಾನುವಾರ

ಕಟುಕ ಉಚ್ಚೀರಪ್ಪ ಸಂಜೆ ನನ್ನ ಚರ್ಮದ ಮಂಡಿಗೆ ತಂದ ಕುರಿತೊಗಲಿನ ತುಂಬ ಸಿಡುಬಿನ ಗುಳ್ಳೆ. ಮುನಿಸಿಪಾಲಿಟಿಯ ಇನ್ಸ್‌ಪೆಕ್ಟರು ಎಂದಿನಂತೆ ಕುರಿ ಸುಲಿದ ಮೇಲೆ ಬಂದು, ತೊಡೆಗೆ ನೀಲಿ ಮುದ್ರೆ ಒತ್ತಿ ಹೋಗಿದ್ದರಂತೆ. ಗುಳ್ಳೆ ಏಳುವುದು ತೊಗಲಿಗೆ, ಮಹಾನುಭಾವರು ಪರೀಕ್ಷಿಸುವುದು ತೊಗಲಿಲ್ಲದ್ದನ್ನು!

"ಅಮ್ಮ ಬಂದ ಕುರಿ ಕೊಯ್ದೀಯಲ್ಲೋ, ನಾಚಿಕಿ ಐತೇನು?" ಎಂದೆ.

"ಮುದ್ರಿ ಬಿದ್ದ ಮ್ಯಾಲ ಅಮ್ಮ ಎಲ್ಲಿರ್ತಾಳ್ರಿ, ಸಾವ್ಕಾರ್ರ? ಬಾಣಂತಿಗಂತ ನಿಮ್ಮ ಮನಿಯವ್ರು ಅದರ ತೊಡೀನ ಒಯ್ದಾರ," ಎಂದು ಹಲ್ಲು ಕಿರಿದ.

ಮನೆಗೆ ಓಡಿಬಂದೆ. ಮಗಳು ಲಿಂಗಕ್ಕ ಆಗಲೇ ಸಾರು ಕುಡಿದು, ಕೂಸಿಗೆ ಹಾಲೂಡಿಸುತ್ತಿದ್ದಳು. "ಮುದ್ರಿ ನೋಡೇ ತಂದೀನಿ," ಎಂದು ಹೆಂಡತಿ ಬೀಗಿದಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ಈ ದಿನಚರಿ ಹಿಡಿದು ಕೂತೆ.

ಇಷ್ಟು ಬರೆಯುವುದರೊಳಗೆ ಮತ್ತೆ ಎದ್ದು ಹೋಗಿ, ಕೂಸಿನ ತೊಗಲನ್ನು ತಡವಿ ನೋಡಿ ಬಂದೆ. ಸದ್ಯಕ್ಕೆ ನುಣುಪಾಗಿದೆ.