ಹಾಳೆಯ ಮೂರನೇ ಪ್ರಶ್ನೆ

೯ ಜೂನ್, ಸೋಮವಾರ

ಲಿಂಗಪೂಜೆ ಮುಗಿಯಿತು. ಸೊಸೆ ವಿಜಯಶ್ರೀ ಏಳಕ್ಕೇ ಕಾರು ಹತ್ತಿದಳು. ಇವತ್ತು ಅಫಜಲಪುರ, ನಾಳೆ ಇಲ್ಲೇ ಆಳಂದ, ಗುರುವಾರ ಜೇವರ್ಗಿ. ಕೊಯ್ಯುವ ಡಾಕ್ಟರು ಬೇರೆ. ಇವಳು ಬೇಹೋಶಿ ಡಾಕ್ಟರು, ಪ್ರಜ್ಞೆ ತಪ್ಪಿಸುವ ಮದ್ದು ಕೊಡುವವಳು. ಮೂರು ತಾಲೂಕಿನಲ್ಲಿ ಯಾರ ಆಪರೇಶನ್ ಇದ್ದರೂ ಮೊದಲ ಫೋನು ಇವಳಿಗೆ.

ನಿನ್ನೆ ಭಾನುವಾರವೂ ಮನೆಯಲ್ಲಿರಲಿಲ್ಲ. ಕಲಬುರಗಿಯಲ್ಲಿ ಸಂಘದ ಮೀಟಿಂಗ್. ಬೇಹೋಶಿ ಡಾಕ್ಟರಿಗೂ ಒಂದು ಸಂಘ... ಅಡತಿ ದಲ್ಲಾಳಿಗಳ ಸಂಘ ಗೊತ್ತು, ತೊಗರಿ ದರ ಕಟ್ಟುವುದಕ್ಕೆ. ಇವರು ಏನು ಕಟ್ಟುತ್ತಾರೆ? ಕೇಳಿಯೇ ಬಿಟ್ಟೆ.

"ಒಂದು ಹಾಳಿ ಮಾಡೀವ್ರಿ ಅತ್ತಿ. ಬೇಹೋಶಿ ಕೊಡೂಕಿಂತ ಮೊದಲ ಕೇಳೂ ಪ್ರಶ್ನಿ. ಎಲ್ಲಾರೂ ಒಂದೇ ನಮೂನಿ ಕೇಳಬೇಕು ಅಂತ."

"ಅಷ್ಟಕ್ಕ ಭಾನುವಾರ ಬೇಕಾತೇನ?"

ನಕ್ಕಳು. ನನ್ನೆದುರು ನಗುವ ಧೈರ್ಯ ಈ ಮನೆಯಲ್ಲಿ ಇವಳೊಬ್ಬಳಿಗೆ.

ಗುರುವಾರ ಸಕ್ಕುಬಾಯಿಯ ಆಪರೇಶನ್. ತೀರಿಹೋದ ನನ್ನ ತಮ್ಮನ ಹೆಂಡತಿ. ಪಿತ್ತದ ಚೀಲದಲ್ಲಿ ಕಲ್ಲು. ಬುಧವಾರವೇ ಅಂದೋಲಾಕ್ಕೆ ಹೋಗುತ್ತೇನೆ. ತವರಿನಲ್ಲಿ ಈಗ ಹಿರಿಯಳು ನಾನೇ.

೧೨ ಜೂನ್, ಗುರುವಾರ, ಬೆಳಗ್ಗೆ ೧೦.೩೦
ಜೇವರ್ಗಿ, ನರ್ಸಿಂಗ್ ಹೋಮಿನ ಬೆಂಚು

ಆರಕ್ಕೆ ಅಂದೋಲಾದಲ್ಲಿ ಪೂಜೆ. ಗೋಧಿಯ ಮಾದಲಿ ಮಾಡಿ, ಹಾಲು ಹಾಕಿ ಎಡೆ ಹಿಡಿದೆ. ಹೊಟ್ಟೆ ಖಾಲಿ ಇರಬೇಕೆಂದು ಹೇಳಿದ್ದು ಗೊತ್ತು. ಇದು ಊಟವಲ್ಲ, ಚಹಾ ಅಲ್ಲ. ಪ್ರಸಾದ. ಪ್ರಸಾದ ತೆಗೆದುಕೊಳ್ಳದೆ ಇಂಥ ಕೆಲಸಕ್ಕೆ ನಮ್ಮ ಮನೆಯಿಂದ ಯಾರೂ ಹೊರಟಿಲ್ಲ. ಒಂದು ಬಟ್ಟಲು ಕೊಟ್ಟೆ. ಸಕ್ಕು ಕಣ್ಣಿಗೊತ್ತಿಕೊಂಡು ತಿಂದಳು.

ಇಲ್ಲಿ ಸೊಸೆ ಆ ಹಾಳೆ ಹಿಡಿದು ಬಂದಳು. ಸಕ್ಕುಗೆ ಹೆದರಿಕೆ, ಆದರೂ ಚೇಷ್ಟೆ ಬಿಟ್ಟಿಲ್ಲ. "ನಿದ್ದಿ ಬರಸಾಕ ಸೂಜಿ ಯಾಕ ಬೇ? ನಿಮ್ಮತ್ತಿ ಬುದ್ಧಿಮಾತು ಶುರು ಮಾಡಿದ್ರ ಹಂಗೇ ನಿದ್ದಿ ಬರ್ತದ."

ಮೊದಲು ಹೆಸರು. ಆಮೇಲೆ ಯಾವ ಔಷಧಿ ಒಗ್ಗುವುದಿಲ್ಲ. ಮೂರನೆಯದು:

"ಮಾಮಿ, ರಾತ್ರಿ ಊಟ ಆದಮ್ಯಾಲ ಏನರ ತಿಂದೀರೇನ್ರಿ?"

"ಏನೂ ತಿಂದಿಲ್ಲ. ನಾನು ಮುಂದ ಇದ್ದೆ," ಅಂದೆ.

ಸಕ್ಕು ನನ್ನ ಮುಖ ನೋಡಿದಳು. ಸುಮ್ಮನೆ ಸೆರಗು ಸರಿ ಮಾಡಿಕೊಂಡಳು. ನಾನು ಮಾತಾಡಿದ ಮೇಲೆ ತವರಿನಲ್ಲಿ ಯಾರೂ ಮಾತಾಡುವುದಿಲ್ಲ. ಸೊಸೆ ಬರೆದುಕೊಂಡು ಹೋದಳು. ಈಗ ಒಳಗೆ ಒಯ್ದಿದ್ದಾರೆ.

ಅದೇ ದಿನ, ಸಂಜೆ ೪

ಆಪರೇಶನ್ ಆಗಲಿಲ್ಲ. ಮದ್ದು ಏರುತ್ತಿದ್ದ ಹಾಗೆ ಸಕ್ಕುಗೆ ವಾಂತಿ. ಅದು ಶ್ವಾಸಕ್ಕೆ ಇಳಿದಿದೆ. ಆಂಬುಲೆನ್ಸಿನಲ್ಲಿ ಕಲಬುರಗಿಗೆ ಒಯ್ದರು. ವಿಜಯಶ್ರೀ ಕೈಯಿಂದ ಗಾಳಿಚೀಲ ಒತ್ತುತ್ತಲೇ ಹೋದಳು. ಮುಖ ಬಿಳಿಚಿತ್ತು.

ವಾಂತಿಯಲ್ಲಿ ಏನಿತ್ತು ಎಂದು ಯಾರೂ ಹೇಳಲಿಲ್ಲ. ನಾನು ಕೇಳಲಿಲ್ಲ.

೧೩ ಜೂನ್, ಶುಕ್ರವಾರ

ಆಳಂದ. ಸಕ್ಕು ವೆಂಟಿಲೇಟರ್ ಮೇಲೆ. ಅವಳ ಮಗ ಅಮರನಾಥ ಪೊಲೀಸರಿಗೆ ಅರ್ಜಿ ಕೊಟ್ಟ. ಡಾಕ್ಟರ್ ವಿಜಯಶ್ರೀ ಬೇಜವಾಬ್ದಾರಿಯಿಂದ ಬೇಹೋಶಿ ಕೊಟ್ಟರು ಅಂತ. ಫೋನಿನಲ್ಲಿ ನನಗೆ ಹೇಳಿದ: "ಅತ್ತಿ, ನಿಮ್ಮ ಮ್ಯಾಲ ನನಗೇನಿಲ್ಲ. ನೀವು ನಮ್ಮವ್ವನ ಜೋಡಿ ಇದ್ರಿ."

ಹನ್ನೊಂದಕ್ಕೆ ಸಂಘದವರು ಬಂದರು. ಅಧ್ಯಕ್ಷರು ಡಾಕ್ಟರ್ ದೌಲತರಾಯ, ವಯಸ್ಸಾದವರು. ಜೊತೆಗೆ ಇನ್ನೊಬ್ಬರು. ಸೊಸೆಗೆ ಮೊದಲ ಮಾತು: "ಹಾಳಿಯೊಳಗ ಒಂದಕ್ಷರ ತಿದ್ದಬ್ಯಾಡವಾ. ಹೆಂಗದ ಹಂಗೇ ಇರಲಿ."

ನಾನು ಕೇಳಿದೆ, "ಕೇಸು ಹೆಂಗ ಬಿಡಸ್ತೀರಿ?"

"ಬಿಡಸಾಕ ಬಂದಿಲ್ರಿ ಅಮ್ಮಾರ. ಏನಾತು ಅಂತ ಕೇಳಾಕ ಬಂದೀವಿ. ತಪ್ಪಿದ್ರ ತಪ್ಪು ಅಂತಾನೇ ಬರೀತೀವಿ."

"ಮತ್ತ ಸಂಘ ಯಾಕ?"

"ಇವತ್ತು ಅಫಜಲಪುರದಾಗ ಇವರು ಹೋಗಬೇಕಾದ ಎರಡು ಸಿಜೇರಿಯನ್ ಹೆರಿಗಿ ಅದಾವ. ಅಲ್ಲಿ ಒಬ್ಬರು ಹೋಗ್ಯಾರ. ನಾಳೆ ಜೇವರ್ಗಿಗಿ ನಾ ಹೋಗ್ತೇನಿ. ನಿನ್ನೆ ಐಸಿಯು ಬೆಡ್ ಹಿಡಿದಿಟ್ಟವರೂ ನಮ್ಮವರೇ."

ಚಹಾ ಕುಡಿದು ಹೋದರು. ದರದ ಮಾತು ಎಲ್ಲೂ ಬರಲಿಲ್ಲ.

೧೯ ಜೂನ್, ಗುರುವಾರ

ಐದು ದಿನ ಬರೆಯಲಿಲ್ಲ. ಬರೆಯುವುದಿತ್ತು.

ಸೊಸೆಗೆ ಫೋನೇ ಬರುತ್ತಿಲ್ಲ. ಕೇಸು ಮುಗಿಯುವ ತನಕ ಬರಬೇಡಿ ಎಂದು ಎರಡು ನರ್ಸಿಂಗ್ ಹೋಮಿನವರು ಹೇಳಿದರಂತೆ. ಅಡಿಗೆಮನೆಯಲ್ಲಿ ಕುಳಿತು ತೊಗರಿಬೇಳೆ ಆರಿಸುತ್ತಾಳೆ. ಆರಿಸಿದ್ದನ್ನೇ ಮತ್ತೆ.

"ಹೊಟ್ಟಿಯೊಳಗ ಏನರ ಇತ್ತೇನ?" ಎಂದೆ. ತಲೆ ಎತ್ತಲಿಲ್ಲ.

"ಇತ್ತರಿ. ಗೋಧಿ, ಹಾಲು. ಹಾಳಿ ಮ್ಯಾಲ ಬರದೇನಿ."

"ಯಾರು ಕೊಟ್ರಂತ?"

"ಅದನ್ನ ಬರದಿಲ್ರಿ. ನಾ ನೋಡಿಲ್ಲಲ್ಲ."

ಅವಳಿಗೆ ಗೊತ್ತು. ಮೊದಲ ದಿನದಿಂದ ಗೊತ್ತು. ನಾನು ಎದ್ದು ಹೊರಗೆ ಬಂದೆ.

ಪ್ರಸಾದ ತಿಂದದ್ದನ್ನು ತಿಂದದ್ದು ಎನ್ನುವುದಿಲ್ಲ. ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ. ಆಮೇಲೆ ಬಾಯಿ ಬಿಡದೆ ಇದ್ದದ್ದಕ್ಕೆ ಏನು ಹೆಸರು... ಅದನ್ನು ಇಲ್ಲಿ ಬರೆಯಲಾರೆ.

೨೨ ಜೂನ್, ಭಾನುವಾರ

ಸಂಘದ ಮೀಟಿಂಗ್, ಕಲಬುರಗಿ. ಸೊಸೆಯ ಕಾರಿನಲ್ಲಿ ನಾನೂ ಹೋಗಿ ಕುಳಿತೆ. ಹೊರಗಿನವರು ಕೂಡುವ ಹಾಗಿಲ್ಲ ಎಂದು ಒಬ್ಬ ಹುಡುಗ ಡಾಕ್ಟರು ಹೇಳಲು ಬಂದ. ನನ್ನ ಮುಖ ನೋಡಿ ಕುರ್ಚಿ ತಂದುಕೊಟ್ಟ.

ಪರದೆಯ ಮೇಲೆ ಹೆಸರು ಹಾಕಿರಲಿಲ್ಲ. "ಐವತ್ತೆಂಟು ವರ್ಷದ ಹೆಣ್ಣುಮಗಳು" ಅಷ್ಟೇ. ವಿಜಯಶ್ರೀ ನಿಂತು ನಡೆದದ್ದೆಲ್ಲ ಹೇಳಿದಳು. ಪೇಶಂಟಿಗೇ ಯಾಕೆ ಕೇಳಲಿಲ್ಲ ಎಂದರು ಒಬ್ಬರು.

"ಕೇಳಿದೆ. ಮನೆಯವರು ಉತ್ತರ ಕೊಟ್ರು. ಮತ್ತೊಮ್ಮೆ ಕೇಳಲಿಲ್ಲ. ಅದು ನನ್ನ ತಪ್ಪು."

ಯಾವ ಮನೆಯವರು ಎಂದು ಹೇಳಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಅಲ್ಲಿದ್ದದ್ದು ನಲವತ್ತು ಮಂದಿ.

ಎದ್ದು ನಿಂತೆ. "ಆ ಮನಿಯವರು ನಾನು. ಪ್ರಸಾದ ಕೊಟ್ಟಾಕಿನೂ ನಾನು. ಇಕಿ ಮತ್ತೊಮ್ಮಿ ಕೇಳಲಿಲ್ಲ ಅಂದ್ರ, ನಾ ಹೇಳಿದ ಮ್ಯಾಲ ನಮ್ಮ ಮನ್ಯಾಗ ಯಾರೂ ಕೇಳಂಗಿಲ್ಲ, ಅದಕ್ಕ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಜವಾಬು ಕೊಡುತ್ತಿದ್ದೆ. ಒಬ್ಬಳು ಎಷ್ಟು ಗಂಟೆಗೆ ಎಂದು ಕೇಳಿದಳು. ಇನ್ನೊಬ್ಬರು, ಹಾಲು ಎಷ್ಟು ಎಂದರು. ಬರೆದುಕೊಂಡರು. ಆಮೇಲೆ ಅರ್ಧ ತಾಸು ಬರೀ ಮೂರನೇ ಪ್ರಶ್ನೆಯ ಮಾತು. ಮನೆಯವರನ್ನು ಹೊರಗೆ ಕಳಿಸಿ ಕೇಳಬೇಕು. ತೀರ್ಥ, ಪ್ರಸಾದ, ಚಹಾ, ತಂಬಾಕು ಒಂದೊಂದಾಗಿ ಹೆಸರು ಹಿಡಿದು ಕೇಳಬೇಕು. ನಾನು ಅಲ್ಲಿಲ್ಲವೇನೋ ಎಂಬ ಹಾಗೆ ಮಾತಾಡಿದರು.

ಹೊರಡುವಾಗ ದೌಲತರಾಯರು ಹತ್ತಿರ ಬಂದರು. "ನಮ್ಮ ವರದಿ ಪೊಲೀಸರಿಗಿ ಹೋಗ್ತದ. ಆದ್ರ ಅಮರನಾಥಗ ಕಾಗದದಿಂದ ಗೊತ್ತಾಗಬಾರದ್ರಿ."

"ಗೊತ್ತಾದ ಮ್ಯಾಲ ತವರು ಇರಂಗಿಲ್ಲ."

ಇರುತ್ತದೆ ಎಂದು ಅವರು ಸುಳ್ಳು ಹೇಳಲಿಲ್ಲ.

೨೪ ಜೂನ್, ಮಂಗಳವಾರ, ಬೆಳಗ್ಗೆ ೧೧
ಕಲಬುರಗಿ, ಆಸ್ಪತ್ರೆಯ ವರಾಂಡ

ಸಕ್ಕುಗೆ ನಿನ್ನೆ ನಳಿಕೆ ತೆಗೆದರು. ಉಸಿರು ಸ್ವಂತದ್ದು. ದನಿ ಇನ್ನೂ ಬಂದಿಲ್ಲ. ಒಳಗೆ ಹೋದೆ. ನನ್ನ ಕೈ ಹಿಡಿದಳು. ಅಮರನಾಥಗ ಹೇಳೀಯೇನ ಎಂದು ಕೇಳಿದೆ. ಇಲ್ಲ ಎಂದು ತಲೆ ಆಡಿಸಿದಳು. ಹೇಳುವುದೂ ಇಲ್ಲ. ಅವಳು ಹಾಗೆಯೇ.

ಅಮರನಾಥ ಹೊರಗೆ ನಿಂತಿದ್ದ. ಗಡ್ಡ ಬೆಳೆದಿದೆ. "ಅತ್ತಿ, ಮುಂಜಾನಿಂದ ಏನೂ ತಗೊಂಡಂಗ ಕಾಣಂಗಿಲ್ಲ. ಕೂಡ್ರಿ, ಚಹಾ ತರ್ತೇನಿ." ಎರಡು ಹೆಜ್ಜೆ ಹೋಗಿ ತಿರುಗಿದ. "ನಿಮ್ಮ ಸೊಸಿನ ಮಾತ್ರ ನಾ ಬಿಡಂಗಿಲ್ರಿ. ಆಕಿ ಮತ್ತ ಸೂಜಿ ಹಿಡಿಬಾರದು. ತಪ್ಪು ತಿಳಿಬ್ಯಾಡ್ರಿ."

ಹೋದ. ಐದು ನಿಮಿಷವಾಯಿತು. ಹೇಳಬೇಕಾದದ್ದು ಎರಡೇ ಮಾತು. ಬರೆದು ನೋಡಿದೆ, ಹೊಡೆದು ಹಾಕಿದೆ. ಬರೆದದ್ದನ್ನು ಓದಿ ಹೇಳುವ ಸಂಗತಿಯಲ್ಲ.

ಮೆಟ್ಟಿಲ ಹತ್ತಿರ ಕಾಣಿಸಿದ. ಎರಡು ಕಪ್ಪು, ಚೆಲ್ಲದ ಹಾಗೆ ಹಿಡಿದು ಮೆಲ್ಲಗೆ ಬರುತ್ತಿದ್ದಾನೆ. ಅವನ ಕೈಯಿಂದ ತೆಗೆದುಕೊಳ್ಳುವ ಮೊದಲೇ ಹೇಳಬೇಕು. ಕುಡಿದ ಮೇಲೆ—